ಬ್ಯಾಂಡರ್‌ಸ್ನ್ಯಾಚ್: ಜಾಹೀರಾತು ಬಂತು, ಆಟ ಬರಲಿಲ್ಲ

1984ರ ಮೊದಲ ತಿಂಗಳುಗಳಲ್ಲಿ ಬ್ರಿಟನ್ನಿನ ಕಂಪ್ಯೂಟರ್ ಪತ್ರಿಕೆಗಳಲ್ಲಿ ಒಂದು ಜಾಹೀರಾತು ಸರಣಿ ಶುರುವಾಯಿತು. ನಾಲ್ವರು ಪ್ರೋಗ್ರಾಮರ್‌ಗಳೇ ಅದರ ಮುಖ: ಇಯಾನ್ ವೆದರ್‌ಬರ್ನ್, ಮೈಕ್ ಗ್ಲೋವರ್, ಜಾನ್ ಗಿಬ್ಸನ್, ಯೂಜೀನ್ ಇವಾನ್ಸ್. ಇವರು ಎರಡು 'ಮೆಗಾಗೇಮ್' ತಯಾರಿಸುತ್ತಿದ್ದಾರೆ, ಇಂಥದ್ದನ್ನು ನೀವು ಕಂಡೇ ಇಲ್ಲ ಅನ್ನೋ ಧಾಟಿ. ಹೆಸರು ಬ್ಯಾಂಡರ್‌ಸ್ನ್ಯಾಚ್ ಮತ್ತು ಸೈಕ್ಲ್ಯಾಪ್ಸ್. ಮೊದಲನೆಯದು ಸಿಂಕ್ಲೇರ್ ಸ್ಪೆಕ್ಟ್ರಮ್‌ಗೆ, ಎರಡನೆಯದು ಕಮೊಡೋರ್ 64ಕ್ಕೆ. ಎರಡೂ ಆಗಿನ ಮನೆ ಬಳಕೆಯ ಕಂಪ್ಯೂಟರುಗಳು, ಆಟಗಳು ಟೇಪ್ ಕ್ಯಾಸೆಟ್‌ನಲ್ಲಿ ಬರುತ್ತಿದ್ದವು. ಆಟ ಹೇಗೆ ಕಾಣುತ್ತದೆ, ಏನು ಆಡಬೇಕು ಅನ್ನುವ ವಿಷಯಕ್ಕೆ ಮಾತ್ರ ಜಾಹೀರಾತು ಕೈ ಹಾಕಲಿಲ್ಲ.

ಅದೇ ವರ್ಷ ಜುಲೈ 9ರಂದು ಇವನ್ನು ತಯಾರಿಸುತ್ತಿದ್ದ ಇಮ್ಯಾಜಿನ್ ಸಾಫ್ಟ್‌ವೇರ್ ಕಂಪನಿಯನ್ನು ಕೋರ್ಟು ಮುಚ್ಚಿಸಿತು. ಎರಡೂ ಆಟ ಅಂಗಡಿ ಮುಖ ನೋಡಲಿಲ್ಲ.

ಬಿಡುಗಡೆಯಾಗದ ಹಳೇ ಆಟಗಳನ್ನು ಹುಡುಕುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ 'ಟೇಪ್ ಎಲ್ಲಿದೆ?' ಅಂತ. ಯಾರದೋ ಮನೆಯ ಅಟ್ಟದಲ್ಲಿ ಒಂದು ಕ್ಯಾಸೆಟ್ ಸಿಗುತ್ತದೆ, ಅದನ್ನು ಓದಿಸುತ್ತಾರೆ, ಆಟ ಎದ್ದು ಬರುತ್ತದೆ. ಎಷ್ಟೋ ಆಟಗಳು ನಿಜವಾಗಿ ಹೀಗೇ ಸಿಕ್ಕಿವೆ. ಬ್ಯಾಂಡರ್‌ಸ್ನ್ಯಾಚ್ ವಿಷಯದಲ್ಲಿ ಈ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ ಅನ್ನೋದು ನನ್ನ ವಾದ. ಯಾಕೆ ಅಂತ ನೋಡೋಣ.

ಲಿವರ್‌ಪೂಲ್‌ನ ಹುಡುಗರು

ಇಮ್ಯಾಜಿನ್ ಹುಟ್ಟಿದ್ದು 1982ರಲ್ಲಿ, ಲಿವರ್‌ಪೂಲ್‌ನಲ್ಲಿ. ಕಟ್ಟಿದವರು ಮಾರ್ಕ್ ಬಟ್ಲರ್ ಮತ್ತು ಡೇವಿಡ್ ಲಾಸನ್. ಇಬ್ಬರೂ ಅದೇ ಊರಿನ ಬಗ್-ಬೈಟ್ ಕಂಪನಿಯಲ್ಲಿದ್ದವರು. ಲಾಸನ್ ಬರೆದ 'ಆರ್ಕೇಡಿಯಾ' ಇವರ ಮೊದಲ ಆಟ, ಚೆನ್ನಾಗಿ ಓಡಿತು. ಊರಿನಲ್ಲಿ ಮೈಕ್ರೋಡಿಜಿಟಲ್ ಅನ್ನುವ ಕಂಪ್ಯೂಟರ್ ಅಂಗಡಿ ನಡೆಸಿದ್ದ ಬ್ರೂಸ್ ಎವರಿಸ್ ಬಂದು ಸೇರಿಕೊಂಡರು. ಪ್ರಚಾರದಲ್ಲಿ ಎವರಿಸ್ ಪಕ್ಕಾ.

ಆ ಪ್ರಚಾರ ಎಂಥದ್ದು ಅಂದರೆ, ಹದಿಹರೆಯದ ಯೂಜೀನ್ ಇವಾನ್ಸ್ ವರ್ಷಕ್ಕೆ 35,000 ಪೌಂಡ್ ಸಂಪಾದಿಸುತ್ತಾನೆ ಅಂತ ಪತ್ರಿಕೆಗಳಲ್ಲಿ ಬಂತು. ಆಗ ಲಿವರ್‌ಪೂಲ್‌ನಲ್ಲಿ ಕೆಲಸವೇ ಇರಲಿಲ್ಲ, ಬಂದರು ಸೊರಗಿತ್ತು, ಕಾರ್ಖಾನೆಗಳು ಬಾಗಿಲು ಹಾಕುತ್ತಿದ್ದವು. ಅಂಥ ಊರಿನಲ್ಲಿ ಕೀಬೋರ್ಡ್ ಕುಟ್ಟಿ ಹುಡುಗನೊಬ್ಬ ಹೀಗೆ ದುಡಿಯುತ್ತಾನೆ ಅಂದರೆ ಯಾವ ಸಂಪಾದಕ ಬಿಡ್ತಾನೆ? ಆ ಮೊತ್ತವನ್ನು ಮಾತ್ರ ಸ್ವಲ್ಪ ಅನುಮಾನದಿಂದಲೇ ಓದಬೇಕು. ದುಬಾರಿ ಕಾರುಗಳು, ಬೈಕ್ ರೇಸ್ ತಂಡ, ದೊಡ್ಡ ಆಫೀಸು ಇವು ಮಾತ್ರ ನಿಜವಾಗಿಯೂ ಇದ್ದವು.

ಸಾಲದ ಕಥೆಯನ್ನು ಬೇಗ ಮುಗಿಸುತ್ತೇನೆ. 1983ರ ಕ್ರಿಸ್‌ಮಸ್‌ಗೆ ಮುಂಚೆ ಇಮ್ಯಾಜಿನ್ ಒಂದು ದೊಡ್ಡ ಕ್ಯಾಸೆಟ್ ನಕಲು ಕಾರ್ಖಾನೆಯ ಸಾಮರ್ಥ್ಯವನ್ನೆಲ್ಲ ತಾನೇ ಬುಕ್ ಮಾಡಿಕೊಂಡಿತು. ಬೇರೆಯವರಿಗೆ ಕ್ಯಾಸೆಟ್ ಸಿಗಬಾರದು ಅನ್ನೋದು ಲೆಕ್ಕಾಚಾರ. ಹಬ್ಬ ಮುಗಿದ ಮೇಲೆ ನೋಡಿದರೆ ಗೋದಾಮು ತುಂಬ ಮಾರಾಟವಾಗದ ಕ್ಯಾಸೆಟ್. ಮಾರ್ಷಲ್ ಕ್ಯಾವೆಂಡಿಶ್ ಪ್ರಕಾಶನ ಸಂಸ್ಥೆಗೆ ಆಟಗಳನ್ನು ಮಾಡಿಕೊಡುವ ದೊಡ್ಡ ಒಪ್ಪಂದವೂ ಮುರಿದುಬಿತ್ತು. ಖರ್ಚು ಮಾತ್ರ ಇಳಿಯಲಿಲ್ಲ. ಕೊನೆಗೆ ಕೋರ್ಟಿಗೆ ಎಳೆದದ್ದು ಯಾರು ಗೊತ್ತಾ? ವಿಎನ್‌ಯು, ಅಂದರೆ ಇವರ ಜಾಹೀರಾತು ಛಾಪಿಸುತ್ತಿದ್ದ ಪತ್ರಿಕೆಗಳ ಕಂಪನಿ. ಜಾಹೀರಾತಿನ ಬಾಕಿಯಲ್ಲಿ ಕಟ್ಟಬೇಕಿದ್ದ ಸುಮಾರು 10,000 ಪೌಂಡ್ ಹೊಂದಿಸಲು ಇಮ್ಯಾಜಿನ್‌ಗೆ ಆಗಲಿಲ್ಲ.

ಈ ಬಿಕ್ಕಟ್ಟಿನ ಮಧ್ಯೆಯೇ ಮೆಗಾಗೇಮ್ ಯೋಜನೆ ನಡೆಯುತ್ತಿತ್ತು.

48ಕೆ ಒಳಗೆ ಹಿಡಿಸದ ಆಟ

ಬ್ಯಾಂಡರ್‌ಸ್ನ್ಯಾಚ್ ಬರೀ ಕ್ಯಾಸೆಟ್ ಆಗಿರಲಿಲ್ಲ. ಜೊತೆಗೆ ಒಂದು ಹಾರ್ಡ್‌ವೇರ್ ಡಬ್ಬಿ ಬರಬೇಕಿತ್ತು. ಅದನ್ನು ಸ್ಪೆಕ್ಟ್ರಮ್ ಹಿಂಬದಿಯ ಕನೆಕ್ಟರ್‌ಗೆ ಸಿಕ್ಕಿಸಬೇಕು, ಅದು ಕಂಪ್ಯೂಟರಿನ ಮೆಮೊರಿ ಹೆಚ್ಚಿಸುತ್ತದೆ, ನಕಲು ಮಾಡುವುದನ್ನೂ ತಡೆಯುತ್ತದೆ ಅನ್ನೋದು ಯೋಜನೆ. ಬೆಲೆ ಸುಮಾರು 40 ಪೌಂಡ್. ಇಮ್ಯಾಜಿನ್‌ನ ಮಾಮೂಲಿ ಆಟಕ್ಕೆ ಆಗ 5.50 ಪೌಂಡ್. 48ಕೆ ಸ್ಪೆಕ್ಟ್ರಮ್ ಕಂಪ್ಯೂಟರೇ 1983ರ ದರ ಇಳಿಕೆಯ ನಂತರ 129 ಪೌಂಡಿಗೆ ಸಿಗುತ್ತಿತ್ತು. ಕಂಪ್ಯೂಟರಿನ ಬೆಲೆಯ ಮೂರನೇ ಒಂದು ಭಾಗ ಒಂದು ಆಟಕ್ಕೆ!

ಇದು ಬರೀ ದುಡ್ಡು ಕೀಳುವ ಉಪಾಯವಾ ಅಥವಾ ನಿಜವಾಗಿ ಬೇಕಿತ್ತಾ? ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು.

ಸ್ಪೆಕ್ಟ್ರಮ್ ಒಳಗಿದ್ದದ್ದು ಝಡ್80 ಪ್ರೊಸೆಸರ್. ಅದು ಒಂದು ಹೊತ್ತಿಗೆ ಕಾಣಬಲ್ಲ ವಿಳಾಸಗಳು, ಅಂದರೆ ಒಂದೊಂದು ಬೈಟ್ ಇಡುವ ಮೆಮೊರಿ ಜಾಗಗಳು, 65,536 (1ಕೆ ಅಂದರೆ 1,024 ಬೈಟ್). ಮೊದಲ 16,384 ರಾಮ್‌ಗೆ (ಬರೆದು ಅಳಿಸಬಹುದಾದ ಮೆಮೊರಿ) ಅಲ್ಲ, ರೋಮ್‌ಗೆ (ಓದಲು ಮಾತ್ರ ಬರುವ ಮೆಮೊರಿ). ಬೇಸಿಕ್ ಭಾಷೆ ಕೂತಿದ್ದದ್ದು ಅಲ್ಲೇ. ಉಳಿದ 49,152 ಬೈಟ್ ರಾಮ್. ಅದರಲ್ಲೂ 6,912 ಬೈಟ್ ಪರದೆಗೆ ಹೋಯಿತು. ಆಟಕ್ಕೆ ಉಳಿದದ್ದು 42,240. ಕೋಡು, ನಕ್ಷೆ, ಚಿತ್ರ, ಸದ್ದು ಎಲ್ಲ ಇಷ್ಟರಲ್ಲೇ.

ಈಗ ದೊಡ್ಡ ಗಾತ್ರದ ಒಂದು ಪಾತ್ರ ಬೇಕು ಅಂದುಕೊಳ್ಳಿ. 24 ಚುಕ್ಕಿ ಅಗಲ, 48 ಚುಕ್ಕಿ ಎತ್ತರ. 8 ಚುಕ್ಕಿಗೆ ಒಂದು ಬೈಟ್, ಹಾಗಾಗಿ ಒಂದು ಸಾಲಿಗೆ 3 ಬೈಟ್, 48 ಸಾಲು, ಒಟ್ಟು 144 ಬೈಟ್. ಹಿನ್ನೆಲೆಯ ಮೇಲೆ ಅಂದವಾಗಿ ಕೂರಿಸಲು ಅಷ್ಟೇ ದೊಡ್ಡ ಮುಖವಾಡ ಚಿತ್ರ ಬೇಕು, 288 ಆಯಿತು. ನಡೆಯುವುದಕ್ಕೆ 8 ಭಂಗಿ, 2,304. ಎಡಕ್ಕೆ ಒಂದು, ಬಲಕ್ಕೆ ಒಂದು ಅಂದರೆ 4,608. ಇಂಥ ಹತ್ತು ಪಾತ್ರಗಳಿಗೆ 46,080 ಬೈಟ್. ಬರೀ ನಡಿಗೆಗೇ ಜಾಗ ಮುಗಿದುಹೋಯಿತು! ಮಾತಿಲ್ಲ, ಕೋಣೆಗಳಿಲ್ಲ, ಆಟದ ಕೋಡೇ ಇಲ್ಲ. ಎಡದ ಚಿತ್ರವನ್ನು ತಿರುಗಿಸಿ ಬಲಕ್ಕೆ ಬಳಸುವಂಥ ಕೌಶಲಗಳು ಇದ್ದವು ನಿಜ. ಆದರೂ ಮಿತಿ ಎಲ್ಲಿತ್ತು ಅಂತ ಗೊತ್ತಾಗುತ್ತೆ ಅಲ್ವಾ? (ಈ ಅಳತೆ ನನ್ನದು, ಇಮ್ಯಾಜಿನ್‌ನದಲ್ಲ.)

ಟೇಪಿನಿಂದ ತುಂಡು ತುಂಡಾಗಿ ತುಂಬಿಸಬಹುದಿತ್ತಲ್ಲ ಅಂತ ಕೇಳಬಹುದು. ಸ್ಪೆಕ್ಟ್ರಮ್ ಟೇಪಿನ ವೇಗ ಸೆಕೆಂಡಿಗೆ ಸುಮಾರು 1,500 ಬಿಟ್ (8 ಬಿಟ್ ಅಂದರೆ ಒಂದು ಬೈಟ್). ಪೂರ್ತಿ ಆಟ ತುಂಬಲು ನಾಲ್ಕೈದು ನಿಮಿಷ. ಹಂತ ಹಂತವಾಗಿ ಸಾಗುವ ಆಟಕ್ಕೆ ಸರಿ. ಎಲ್ಲ ಪಾತ್ರಗಳೂ ಒಂದೇ ಲೋಕದಲ್ಲಿ ತಮ್ಮಷ್ಟಕ್ಕೆ ಓಡಾಡಿಕೊಂಡಿರಬೇಕು ಅಂದರೆ ಇದು ಆಗುವ ಮಾತಲ್ಲ.

ಡಬ್ಬಿ ತಾಂತ್ರಿಕವಾಗಿ ಸಾಧ್ಯವಿತ್ತಾ? ಖಂಡಿತ ಇತ್ತು. ಹಿಂಬದಿಯ ಕನೆಕ್ಟರ್‌ನಲ್ಲಿ ಒಂದು ತಂತಿ ಇದೆ, ಹೊರಗಿನ ಸಾಧನ ಅದರ ಮೂಲಕ ಒಳಗಿನ ರೋಮನ್ನು ಮಲಗಿಸಿ ತನ್ನ ಚಿಪ್ಪನ್ನು ಆ ಜಾಗದಲ್ಲಿ ತೋರಿಸಬಹುದು. ಸಿಂಕ್ಲೇರ್‌ನ ಇಂಟರ್‌ಫೇಸ್ 2 ಮಾಡುತ್ತಿದ್ದದ್ದು ಇದನ್ನೇ. 1983ರಲ್ಲಿ ಬಂದ ಈ ಸಾಧನಕ್ಕೆ ಆಟಗಳನ್ನು ಕಾರ್ಟ್ರಿಡ್ಜ್ ರೂಪದಲ್ಲಿ ಸಿಕ್ಕಿಸಬಹುದಿತ್ತು. ಒಂದು ಕಾರ್ಟ್ರಿಡ್ಜ್‌ನಲ್ಲಿ 16ಕೆ. ಇದೇ 16ಕೆ ಕಿಟಕಿಯಲ್ಲಿ ಒಂದಾದ ಮೇಲೊಂದು ಪುಟ, ಅಂದರೆ ಮೆಮೊರಿಯ ತುಂಡು, ಬದಲಾಯಿಸುತ್ತಾ ಹೋದರೆ ಎಷ್ಟು ಬೇಕಾದರೂ ಚಿತ್ರ ಇಡಬಹುದು. ಮುಂದೆ 1985ರಲ್ಲಿ ಸ್ಪೇನ್‌ನಲ್ಲಿ, 1986ರಲ್ಲಿ ಬ್ರಿಟನ್‌ನಲ್ಲಿ ಬಂದ 128ಕೆ ಸ್ಪೆಕ್ಟ್ರಮ್ ಕೂಡ 16ಕೆ ಪುಟಗಳನ್ನು ಬದಲಿಸುವ ಉಪಾಯದಿಂದಲೇ ನಡೆಯಿತು.

ಹಾಗಾದರೆ ತೊಡಕು ಎಲ್ಲಿತ್ತು? ಇಂಟರ್‌ಫೇಸ್ 2ರ ಗತಿಯೇ ಅದನ್ನು ಹೇಳುತ್ತದೆ. ಅದಕ್ಕೆ ಬಂದ ಕಾರ್ಟ್ರಿಡ್ಜ್ ಆಟಗಳು ಬರೀ ಹತ್ತು. ಒಂದೊಂದಕ್ಕೂ 15 ಪೌಂಡ್ ಹತ್ತಿರ. ಅದೇ ಆಟ ಟೇಪಿನಲ್ಲಿ ತುಂಬಾ ಕಡಿಮೆಗೆ ಸಿಗುವಾಗ ಜನ ಯಾಕೆ ಕೊಳ್ಳುತ್ತಾರೆ? ಅದಕ್ಕಿಂತ ದೊಡ್ಡ ತೊಡಕು ತಯಾರಿಕೆಯದು. ಕ್ಯಾಸೆಟ್ ಆದರೆ ಬೇಕಾದಷ್ಟು ನಕಲು ಮಾಡಿಸಬಹುದು, ತಪ್ಪಿದ್ದರೆ ಮುಂದಿನ ಕಂತಿನಲ್ಲಿ ತಿದ್ದಬಹುದು. ರೋಮ್ ಚಿಪ್ ಹಾಗಲ್ಲ. ಸಾವಿರಗಟ್ಟಲೆ ಒಟ್ಟಿಗೆ ಹೇಳಿ ಮಾಡಿಸಬೇಕು, ದುಡ್ಡು ಮುಂಚೆಯೇ ಕಟ್ಟಬೇಕು, ಕೋಡಿನಲ್ಲಿ ಒಂದು ತಪ್ಪಿದ್ದರೆ ಇಡೀ ಕಂತು ಕಸ. ಗೋದಾಮು ತುಂಬ ಹಳೇ ಕ್ಯಾಸೆಟ್ ಇಟ್ಟುಕೊಂಡು, ಜಾಹೀರಾತಿನ ದುಡ್ಡೂ ಬಾಕಿ ಉಳಿಸಿಕೊಂಡಿರುವ ಕಂಪನಿಗೆ ಇದಕ್ಕೆ ಯಾರು ಸಾಲ ಕೊಡ್ತಾರೆ?

ಕಂಪನಿಯನ್ನು ಉಳಿಸಬೇಕಿದ್ದ ಡಬ್ಬಿಯೇ ಆಟಕ್ಕೆ ಮುಳುವಾಯಿತು ಅನ್ನೋದು ನನ್ನ ಅಂದಾಜು. ಆಟ ಮುಗಿದಿದ್ದರೂ ಅದನ್ನು ಅಂಗಡಿಗೆ ತಲುಪಿಸುವ ದುಡ್ಡು ಇಮ್ಯಾಜಿನ್ ಹತ್ತಿರ ಇರಲಿಲ್ಲ.

ಕ್ಯಾಮೆರಾ ಕಂಡದ್ದು

ಈ ಪ್ರಕರಣದಲ್ಲಿ ತನಿಖೆ ಮಾಡುವವರಿಗೆ ಒಂದು ಅದೃಷ್ಟ ಇದೆ. ಇಮ್ಯಾಜಿನ್ ಮುಳುಗುವಾಗ ಬಿಬಿಸಿ ಅಲ್ಲೇ ಇತ್ತು. 'ಕಮರ್ಷಿಯಲ್ ಬ್ರೇಕ್ಸ್' ಅನ್ನುವ ಸರಣಿಗೆ ಪಾಲ್ ಆಂಡರ್ಸನ್ ತಂಡ ಎರಡು ಆಟದ ಕಂಪನಿಗಳ ಹಿಂದೆ ಬಿದ್ದಿತ್ತು. ಲಿವರ್‌ಪೂಲ್‌ನ ಇಮ್ಯಾಜಿನ್ ಮತ್ತು ಮ್ಯಾಂಚೆಸ್ಟರ್‌ನ ಓಶನ್. ಏಳಿಗೆಯ ಕಥೆ ಹೇಳೋಣ ಅಂತ ಹೋದವರಿಗೆ ಸಿಕ್ಕಿದ್ದು ಜಪ್ತಿ ಅಧಿಕಾರಿಗಳು ಬಂದು ಬಾಗಿಲು ಹಾಕಿಸುವ ದೃಶ್ಯ. ಕಾರ್ಯಕ್ರಮ 1984ರ ಡಿಸೆಂಬರ್ 13ರಂದು ಪ್ರಸಾರವಾಯಿತು.

ಇದನ್ನು ಸಾಕ್ಷಿಯಾಗಿ ನೋಡುವಾಗ ಏನು ಇದೆ ಅನ್ನೋದರಷ್ಟೇ ಏನು ಇಲ್ಲ ಅನ್ನೋದೂ ಮುಖ್ಯ. ಆಫೀಸು ಇದೆ, ಮೀಟಿಂಗ್ ಇದೆ, ಕೆಲಸ ಮಾಡುವವರಿದ್ದಾರೆ. ಮುಗಿದ ಬ್ಯಾಂಡರ್‌ಸ್ನ್ಯಾಚನ್ನು ಕೂತು ಆಡುವವರು ಮಾತ್ರ ಯಾರೂ ಇಲ್ಲ. ಜಗತ್ತಿಗೇ ತೋರಿಸಬೇಕು ಅನ್ನುವ ಹಂಬಲವಿದ್ದ ಕಂಪನಿ, ಬಿಬಿಸಿ ಕ್ಯಾಮೆರಾವನ್ನೇ ಒಳಗೆ ಬಿಟ್ಟುಕೊಂಡಿದ್ದ ಕಂಪನಿ, ತೋರಿಸುವಂಥ ಆಟ ಇದ್ದಿದ್ದರೆ ಬಿಡುತ್ತಿತ್ತಾ?

ಜಾಹೀರಾತನ್ನು ಸಾಕ್ಷಿ ಅಂತ ತೆಗೆದುಕೊಳ್ಳುವವರು ಇಲ್ಲೇ ಎಡವುತ್ತಾರೆ. ಜನ ಏನು ನಂಬಬೇಕು ಅಂತ ಕಂಪನಿ ಬಯಸಿತ್ತೋ ಅಷ್ಟೇ ಜಾಹೀರಾತಿನಿಂದ ಗೊತ್ತಾಗೋದು. ಆಲ್ಬಂ ಹೊದಿಕೆಗಳಿಗೆ ಹೆಸರಾದ ಕಲಾವಿದ ರೋಜರ್ ಡೀನ್ ಮೆಗಾಗೇಮ್‌ಗಳಿಗೆ ಚಿತ್ರ ಬರೆದಿದ್ದರು. ಚಿತ್ರ ಇದೆ ಅಂದ ಮಾತ್ರಕ್ಕೆ ಆಟ ಇತ್ತು ಅಂತಲ್ಲ. ಹಬ್ಬಕ್ಕೆ ಮುಂಚೆ ರಸ್ತೆಯಲ್ಲಿ ನಿಲ್ಲುವ ಸಿನಿಮಾ ಕಟೌಟ್ ನೋಡಿ ರೀಲು ಡಬ್ಬಕ್ಕೆ ಬಂದಿದೆ ಅಂತ ಯಾರೂ ಹೇಳೋದಿಲ್ಲ.

ಅಲ್ಲಿ ಕೆಲಸ ಮಾಡಿದವರ ನೆನಪುಗಳದ್ದು ಇನ್ನೊಂದು ಬಗೆ. ಮುಂದಿನ ವರ್ಷಗಳಲ್ಲಿ ಹಲವರು ಮಾತಾಡಿದ್ದಾರೆ. ಒಬ್ಬೊಬ್ಬರ ಮಾತಿನಲ್ಲಿ ಒಬ್ಬೊಬ್ಬರ ಹಿತವೂ ಬೆರೆತಿರುತ್ತದೆ. ಕಂಪನಿ ಮುಳುಗಿದ್ದಕ್ಕೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಸಹಜ. ಆದರೆ ಒಂದು ವಿಷಯದಲ್ಲಿ ಚಿತ್ರ ಹೊಂದಿಕೆಯಾಗುತ್ತದೆ. ಬ್ಯಾಂಡರ್‌ಸ್ನ್ಯಾಚ್ ಮೇಲೆ ನಿಜವಾದ ಕೆಲಸ ನಡೆದಿತ್ತು, ಸೈಕ್ಲ್ಯಾಪ್ಸ್ ಕಾಗದದ ಮೇಲಿನ ಯೋಚನೆಗಿಂತ ಹೆಚ್ಚು ಮುಂದೆ ಹೋಗಿರಲಿಲ್ಲ. ಜಾಹೀರಾತಿನಲ್ಲಿ ಎರಡಕ್ಕೂ ಸಮ ಸಮ ಜಾಗ. ಕೆಲಸದಲ್ಲಿ ಹಾಗಿರಲಿಲ್ಲ.

ಚದುರಿದ ತುಂಡುಗಳು

ಕಂಪನಿ ಮುಚ್ಚಿದ ಮೇಲೆ ಅದರ ಹೆಸರು ಮತ್ತು ಜನ ಮೂರು ದಿಕ್ಕಿಗೆ ಹೋದವು. ಈ ಮೂರನ್ನೂ ಬೆನ್ನತ್ತಿದರೆ ಆಟದ ಗುರುತು ಸಿಗುತ್ತದೆ.

ಇಮ್ಯಾಜಿನ್ ಅನ್ನುವ ಹೆಸರನ್ನು ಓಶನ್ ಕೊಂಡುಕೊಂಡಿತು. ಕೊನಾಮಿಯ ಆರ್ಕೇಡ್ ಆಟಗಳನ್ನು ಆ ಲೇಬಲ್ಲಿನಲ್ಲಿ ತಂದಿತು. ಹಾಗಾಗಿ 1985ರ ನಂತರದ ಇಮ್ಯಾಜಿನ್ ಕ್ಯಾಸೆಟ್ ಸಿಕ್ಕರೆ ಖುಷಿಪಡಬೇಡಿ, ಆ ಇಮ್ಯಾಜಿನ್ ಬೇರೆ.

ಎರಡನೆಯದು, ಒಂದು ಗುಂಪು ಡೆಂಟನ್ ಡಿಸೈನ್ಸ್ ಅನ್ನುವ ಕಂಪನಿ ಕಟ್ಟಿತು. ಇಮ್ಯಾಜಿನ್‌ನಲ್ಲಿ ಚಿತ್ರ ಬರೆಯುತ್ತಿದ್ದ ಆಲಿ ನೋಬಲ್ ಇದರಲ್ಲಿದ್ದರು. ಡೆಂಟನ್‌ನ ಮೊದಮೊದಲ ಆಟಗಳಲ್ಲಿ ಒಂದು 'ಗಿಫ್ಟ್ ಫ್ರಮ್ ದಿ ಗಾಡ್ಸ್', ಅದೇ 1984ರಲ್ಲಿ ಓಶನ್ ಮೂಲಕ ಬಂತು. ಗ್ರೀಕ್ ಪುರಾಣದ ಒರೆಸ್ಟಿಸ್ ನಾಯಕ. ಚೆನ್ನಾಗಿ ದೊಡ್ಡದಾಗಿ ನಡೆಯುವ ಮನುಷ್ಯಾಕೃತಿ. ಮಾಮೂಲಿ 48ಕೆ ಸ್ಪೆಕ್ಟ್ರಮ್, ಮಾಮೂಲಿ ಕ್ಯಾಸೆಟ್, ಯಾವ ಡಬ್ಬಿಯೂ ಇಲ್ಲ. ಇಮ್ಯಾಜಿನ್ ಕೈಗಳು ಏನು ಮಾಡಬಲ್ಲವು ಅಂತ ತಿಳಿಯಲು ಇದು ಒಳ್ಳೆ ಅಳತೆಗೋಲು. ಒಬ್ಬ ದೊಡ್ಡ ನಾಯಕನನ್ನು 48ಕೆಯಲ್ಲಿ ನಡೆಸಬಹುದಿತ್ತು. ಊರು ತುಂಬ ದೊಡ್ಡ ಜನರನ್ನಲ್ಲ.

ಮೂರನೆಯದು ಮುಖ್ಯ. ಲಾಸನ್ ಮತ್ತು ಇಮ್ಯಾಜಿನ್‌ನ ಹಣಕಾಸು ನೋಡುತ್ತಿದ್ದ ಇಯಾನ್ ಹೆದರಿಂಗ್ಟನ್ ಮೆಗಾಗೇಮ್ ಕೆಲಸವನ್ನು ಕೈಬಿಡಲಿಲ್ಲ. ಸಿಂಕ್ಲೇರ್‌ನ ಹೊಸ ಕ್ಯೂಎಲ್ ಕಂಪ್ಯೂಟರಿಗೆ ಬ್ಯಾಂಡರ್‌ಸ್ನ್ಯಾಚ್ ತರುವ ಪ್ರಯತ್ನ ನಡೆಯಿತು. ಅದೂ ಬರಲಿಲ್ಲ. ಆಮೇಲೆ ಜೋನಾಥನ್ ಎಲಿಸ್ ಜೊತೆ ಸೇರಿ ಸಿಗ್ನೋಸಿಸ್ ಕಂಪನಿ ಕಟ್ಟಿದರು. 'ಲೆಮಿಂಗ್ಸ್' ಹೊರತಂದು, 1993ರಲ್ಲಿ ಸೋನಿ ಕೈ ಸೇರಿ, 'ವೈಪ್‌ಔಟ್' ಮಾಡಿದ್ದು ಇದೇ ಕಂಪನಿ. ಅದರ ಮೊದಲ ಆಟದ ಹೆಸರು 'ಬ್ರಟಾಕಸ್'. 1985ರ ಕೊನೆ, 1986ರ ಆರಂಭದ ಹೊತ್ತಿಗೆ ಅಟಾರಿ ಎಸ್‌ಟಿ, ಅಮಿಗಾ, ಮ್ಯಾಕಿಂಟಾಶ್ ಕಂಪ್ಯೂಟರುಗಳಿಗೆ ಬಂತು. ಮುಖಪುಟ ಚಿತ್ರ ರೋಜರ್ ಡೀನ್ ಅವರದ್ದು. ಸೈಕ್ಲ್ಯಾಪ್ಸ್ ಅನ್ನುವ ಹೆಸರೂ ವ್ಯರ್ಥವಾಗಲಿಲ್ಲ, ಮುಂದೆ ಸಿಗ್ನೋಸಿಸ್‌ನ ಒಂದು ಉಪ ಲೇಬಲ್ ಆಯಿತು.

ಬ್ರಟಾಕಸ್ ಕಥೆ ಹೀಗಿದೆ. ಕೈನ್ ಒಬ್ಬ ವಂಶವಾಹಿ ವಿಜ್ಞಾನಿ. ಸರ್ಕಾರ ಅವನ ಸಂಶೋಧನೆಯಿಂದ ಅತಿಮಾನುಷ ಸೈನಿಕರನ್ನು ಮಾಡಬೇಕು ಅನ್ನುತ್ತದೆ. ಅವನು ಒಪ್ಪಲ್ಲ. ದೇಶದ್ರೋಹದ ಆರೋಪ ಹೊರಿಸುತ್ತಾರೆ. ತಾನು ನಿರಪರಾಧಿ ಅಂತ ತೋರಿಸುವ ಸಾಕ್ಷಿ ಹುಡುಕುತ್ತಾ ಅವನು ಬ್ರಟಾಕಸ್ ಅನ್ನುವ ಕ್ಷುದ್ರಗ್ರಹಕ್ಕೆ ಓಡುತ್ತಾನೆ. ಅಲ್ಲಿ ದೊಡ್ಡ ಕಾರ್ಟೂನ್ ಪಾತ್ರಗಳು ತಮ್ಮ ಪಾಡಿಗೆ ಓಡಾಡುತ್ತವೆ. ಮಾತಾಡಿದರೆ ತಲೆಯ ಮೇಲೆ ಕಾಮಿಕ್ಸಿನ ಹಾಗೆ ಗುಳ್ಳೆ ಏಳುತ್ತದೆ. ನೀವು ಇಲ್ಲದ ಕಡೆಯೂ ಅವರ ಬದುಕು ನಡೆಯುತ್ತಿರುತ್ತದೆ.

ಮೇಲೆ ನಾನು ಹಾಕಿದ ಲೆಕ್ಕವನ್ನು ಈಗ ಇದರ ಪಕ್ಕದಲ್ಲಿ ಇಟ್ಟು ನೋಡಿ. ದೊಡ್ಡ ಪಾತ್ರಗಳು, ತುಂಬಾ ಜನ, ಎಲ್ಲರೂ ಒಂದೇ ಲೋಕದಲ್ಲಿ. 48ಕೆಯಲ್ಲಿ ಆಗದ ಆಟ ಅಂದರೆ ಇದೇ. ಅಟಾರಿ ಎಸ್‌ಟಿಯಲ್ಲಿ 512ಕೆ ಇತ್ತು, ಡಬ್ಬಿ ಬೇಕಾಗಲೇ ಇಲ್ಲ.

ಆದರೆ ಬ್ರಟಾಕಸ್ ಅಂದರೆ ಬ್ಯಾಂಡರ್‌ಸ್ನ್ಯಾಚೇ ಅಂತ ಸಲೀಸಾಗಿ ಹೇಳುವವರನ್ನು ನಾನು ಪೂರ್ತಿ ಒಪ್ಪಲ್ಲ. ಸ್ಪೆಕ್ಟ್ರಮ್‌ನ ಝಡ್80 ಕೋಡು ಎಸ್‌ಟಿಯ 68000 ಪ್ರೊಸೆಸರಿನಲ್ಲಿ ಓಡೋದಿಲ್ಲ. ಒಂದು ಸಾಲೂ ಹಾಗೇ ದಾಟಿ ಬಂದಿರಲು ಸಾಧ್ಯವಿಲ್ಲ. ದಾಟಿ ಬಂದಿರಬಹುದಾದದ್ದು ಕಲ್ಪನೆ, ಪಾತ್ರಗಳ ನಡವಳಿಕೆಯ ವಿನ್ಯಾಸ, ಚಿತ್ರಗಳ ಶೈಲಿ. ಮಧ್ಯದ ಕ್ಯೂಎಲ್ ಪ್ರಯತ್ನ ಇಲ್ಲಿ ಕುತೂಹಲದ್ದು. ಕ್ಯೂಎಲ್‌ನ 68008 ಚಿಪ್ 68000ದ ತಮ್ಮ. ಅದಕ್ಕೆ ಬರೆದದ್ದೇನಾದರೂ ಇದ್ದರೆ ಎಸ್‌ಟಿಗೆ ಹೋಗುವ ದಾರಿ ಸಲೀಸು. ನನ್ನ ಪ್ರಕಾರ ಬ್ರಟಾಕಸ್‌ನ ನೇರ ಪೂರ್ವಜ ಸ್ಪೆಕ್ಟ್ರಮ್ ಬ್ಯಾಂಡರ್‌ಸ್ನ್ಯಾಚ್ ಅಲ್ಲ, ಈ ಕ್ಯೂಎಲ್ ಬ್ಯಾಂಡರ್‌ಸ್ನ್ಯಾಚ್.

ಎಲ್ಲಿ ಹುಡುಕಬೇಕು

ಈಗ ಟೇಪಿನ ಪ್ರಶ್ನೆಗೆ ಬರೋಣ. ಡಬ್ಬಿ ಇಲ್ಲದೆ ಓಡಬಾರದು ಅಂತಲೇ ಮಾಡುತ್ತಿದ್ದ ಆಟ ಇದು. ಹಾಗಾಗಿ ಅಂಗಡಿಗೆ ಬರಬೇಕಿದ್ದ ಪ್ಯಾಕೆಟ್ಟಿನ ಕ್ಯಾಸೆಟ್ ಸಿಕ್ಕಿದರೂ ಅದು ಅರ್ಧ ಮಾತ್ರ. ಇಮ್ಯಾಜಿನ್ ಕೋಡು ಬರೆಯುತ್ತಿದ್ದದ್ದೂ ಸ್ಪೆಕ್ಟ್ರಮ್ ಮೇಲಲ್ಲ. ಅವರು ಸೇಜ್ ಅನ್ನುವ 68000 ಆಧಾರಿತ ದುಬಾರಿ ಕಂಪ್ಯೂಟರುಗಳನ್ನು ಕೊಂಡಿದ್ದರು. ಅಂದರೆ ಏನಾದರೂ ಉಳಿದಿದ್ದರೆ ಅದು ಉಳಿದಿರಬೇಕಾದದ್ದು ಆ ಯಂತ್ರಗಳ ಡಿಸ್ಕುಗಳಲ್ಲಿ, ಮೂಲ ಕೋಡಿನ ತುಂಡುಗಳಾಗಿ. ಅಟ್ಟದ ಮೇಲೆ ಕ್ಯಾಸೆಟ್ ಹುಡುಕುವವರು ತಪ್ಪು ವಸ್ತುವನ್ನು ಹುಡುಕುತ್ತಿದ್ದಾರೆ.

2018ರಲ್ಲಿ ನೆಟ್‌ಫ್ಲಿಕ್ಸ್ ಇದೇ ಹೆಸರಿನ ಸಂವಾದಾತ್ಮಕ ಚಿತ್ರ ತಂದ ಮೇಲೆ ಗೊಂದಲ ಜಾಸ್ತಿಯಾಗಿದೆ. ಅದರ ಕಥೆ ಶುರುವಾಗೋದು 1984ರ ಜುಲೈ 9ರಂದೇ, ಅದೇನೂ ಆಕಸ್ಮಿಕ ಅಲ್ಲ. ಅದರ ಪ್ರಚಾರಕ್ಕಾಗಿ ಸ್ಪೆಕ್ಟ್ರಮ್‌ನಲ್ಲಿ ಓಡುವ 'ನೋಸ್‌ಡೈವ್' ಅನ್ನುವ ಪುಟ್ಟ ಆಟವನ್ನೂ ಮಾಡಿಸಿದ್ದರು. ಹಾಗಾಗಿ ಈ ಹೆಸರಿನಲ್ಲಿ ಸ್ಪೆಕ್ಟ್ರಮ್ ಫೈಲ್ ಸಿಕ್ಕಿತು, ಹಳೇ ಕಾಲದ ಪೆಟ್ಟಿಗೆಯ ಚಿತ್ರ ಸಿಕ್ಕಿತು ಅಂದರೆ ಮೊದಲು ತಾರೀಖು ನೋಡಿ.

ನಮ್ಮಲ್ಲೂ ಡೆಸಿಬೆಲ್ಸ್ ಕಂಪನಿಯ ಸ್ಪೆಕ್ಟ್ರಮ್ ಪ್ಲಸ್ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದವರು ಇದ್ದಾರೆ. ನಕಲಿನ ಮೇಲೆ ನಕಲಾದ ಕ್ಯಾಸೆಟ್ಟುಗಳೇ ಅವರ ಆಟದ ಭಂಡಾರ. ಹಾಗೆ ಕೈಯಿಂದ ಕೈಗೆ ಹೋಗೋದನ್ನು ತಡೆಯಬೇಕು ಅಂತಲೇ ಇಮ್ಯಾಜಿನ್ ಡಬ್ಬಿ ಯೋಚಿಸಿದ್ದು. ಆದರೆ ಆ ಕಾಲದ ಆಟಗಳು ಇವತ್ತಿಗೂ ಉಳಿದಿರೋದರಲ್ಲಿ ಆ ಕಳ್ಳ ನಕಲುಗಳ ಪಾಲೂ ಇದೆ.

ನನ್ನ ತೀರ್ಮಾನ ಇಷ್ಟು. ಸೈಕ್ಲ್ಯಾಪ್ಸ್ ಆಟವಾಗಿ ಇರಲೇ ಇಲ್ಲ. ಸ್ಪೆಕ್ಟ್ರಮ್ ಬ್ಯಾಂಡರ್‌ಸ್ನ್ಯಾಚ್ ಚಿತ್ರಗಳು ಮತ್ತು ಕೋಡಿನ ಭಾಗಗಳಾಗಿ ಇತ್ತು, ಕೂತು ಆಡಬಹುದಾದ ಒಂದು ಪೂರ್ತಿ ವಸ್ತುವಾಗಿ ಇರಲಿಲ್ಲ. ಸೇಜ್ ಡಿಸ್ಕ್ ಒಂದು ಸಿಕ್ಕಿ, ಅದರಲ್ಲಿ ಝಡ್80 ಕೋಡು ಇದ್ದು, ಅದು ಪುಟ ಬದಲಿಸುವ ಹಾರ್ಡ್‌ವೇರನ್ನು ಹುಡುಕುತ್ತಿದ್ದರೆ ಈ ಮಾತನ್ನು ಬದಲಿಸುತ್ತೇನೆ. ಬರೀ ಪೆಟ್ಟಿಗೆ, ಪೋಸ್ಟರ್, ರೇಖಾಚಿತ್ರ ಸಿಕ್ಕಿದರೆ ಬದಲಿಸಲ್ಲ.

ಆಟದ ಕಲ್ಪನೆ ಹೇಗಿತ್ತು ಅಂತ ರುಚಿ ನೋಡಬೇಕಾ? ಎಮ್ಯುಲೇಟರ್‌ನಲ್ಲಿ (ಹಳೇ ಕಂಪ್ಯೂಟರನ್ನು ಇವತ್ತಿನ ಯಂತ್ರದಲ್ಲಿ ಅನುಕರಿಸುವ ತಂತ್ರಾಂಶ) ಬ್ರಟಾಕಸ್ ಓಡಿಸಿ. ಮೌಸನ್ನು ಅತ್ತ ಇತ್ತ ಎಳೆದು ಕೈನ್‌ನನ್ನು ನಡೆಸಬೇಕು. ಅವನು ನೀವು ಹೇಳಿದ ಕಡೆ ಹೋಗೋದು ಕಷ್ಟ, ಗೋಡೆಗೆ ಮುಖ ಮಾಡಿ ನಿಲ್ಲೋದೇ ಜಾಸ್ತಿ. ಆಗಿನ ವಿಮರ್ಶಕರೂ ಇದನ್ನೇ ದೂರಿದ್ದರು. ಕೀಬೋರ್ಡಿನಲ್ಲಿ ಸ್ವಲ್ಪ ವಾಸಿ.